ಮೊಟ್ಟೆ ಸಿಕ್ಕಿಕೊಂಡ ಗಿರಿರಾಜ ಹೇಂಟೆ: ಒಂದು ಪ್ರಕರಣ

ಕೋಳಿ ಗಿರಿರಾಜ ತಳಿಯ ಹೇಂಟೆ. ವಯಸ್ಸು ಒಂದೂವರೆ ವರ್ಷ ದಾಟಿದೆ. ತೂಕ ಮೂರೂವರೆ ಕೆಜಿ ಹತ್ತಿರ. ಮನೆ ನಮ್ಮ ಚಿಕ್ಕಮ್ಮನದು, ತುಮಕೂರು ಕಡೆ ಹಳ್ಳಿ. ಹಿತ್ತಲಲ್ಲಿ ಇದರ ಜೊತೆ ಇನ್ನೂ ನಾಲ್ಕು ಹೇಂಟೆ, ಒಂದು ಹುಂಜ ಇವೆ. ಮೈಬಣ್ಣ ನೋಡಿ ಇದನ್ನು ಕೆಂಪಿ ಅಂತ ಕರೆಯುತ್ತಾರೆ. ತೊಂದರೆ ಏನಂದ್ರೆ, ಬೆಳಗ್ಗೆಯಿಂದ ಕಾಳು ಮುಟ್ಟಿಲ್ಲ, ಮೈ ಉಬ್ಬಿಸಿಕೊಂಡು ಗೂಡಿನ ಮೂಲೆಯಲ್ಲಿ ನಿಂತಿದೆ, ಬಾಲ ಇಳಿಬಿದ್ದಿದೆ.

ಚಿಕ್ಕಮ್ಮ ಫೋನಲ್ಲಿ ಕೇಳಿದ್ದು ಒಂದೇ ಮಾತು. "ರೋಗ ಬಂದೈತೆ ಕಣಪ್ಪ. ಬೇರೆಯವಕ್ಕೂ ಹಬ್ಬೋ ಮುಂಚೆ ಕುಯ್ದುಬಿಡೋದಾ, ಇಲ್ಲ ಪುಡಿ ಹಾಕೋದಾ?"

ಪುಡಿ ಅಂದ್ರೆ ಟೆಟ್ರಾಸೈಕ್ಲಿನ್. ನೀರಿಗೆ ಕಲಸಿ ಇಡುವ ಹಳದಿ ಪುಡಿ. ಕೋಳಿ ಮಂಕಾಯಿತು ಅಂದ ತಕ್ಷಣ ಬಹಳ ಮನೆಗಳಲ್ಲಿ ಎರಡೇ ದಾರಿ, ಒಂದು ಚಾಕು, ಇನ್ನೊಂದು ಈ ಪುಡಿ. ಕೋಳಿಯನ್ನು ಕೈಗೆತ್ತಿಕೊಂಡು ನೋಡುವ ಕೆಲಸ ಮಾತ್ರ ಯಾರೂ ಮಾಡಲ್ಲ. ಕೆಂಪಿ ವಿಷಯದಲ್ಲಿ ಪುಡಿ ಹಾಕಿದ್ದರೆ ಅದು ಸತ್ತೇ ಹೋಗುತ್ತಿತ್ತು ಅಂತ ನನ್ನ ಲೆಕ್ಕ. ಪುಡಿ ವಿಷ ಅಂತಲ್ಲ. ಪುಡಿ ಹಾಕಿದ್ದೀವಲ್ಲ ಅಂತ ಸುಮ್ನೆ ಕಾಯುತ್ತಾ ಕೂತುಬಿಡುತ್ತಿದ್ದರು, ಅಷ್ಟರಲ್ಲಿ ಹೊತ್ತು ಮೀರುತ್ತಿತ್ತು.

"ಏನೂ ಹಾಕಬೇಡಿ ಚಿಕ್ಕಮ್ಮ. ಕುಯ್ಯೋದೂ ಬೇಡ. ಬುಟ್ಟಿ ಕೆಳಗೆ ಬೇರೆ ಇಡಿ, ಅಡಿಗೆ ಹಳೇ ಪೇಪರ್ ಹಾಸಿ" ಅಂದೆ. ಪೇಪರ್ ಯಾಕಂದ್ರೆ ಹಿಕ್ಕೆ ನೋಡಬೇಕು. ಮಣ್ಣಿನ ಮೇಲೆ ಬಿದ್ದರೆ ಯಾವುದು ಯಾವ ಕೋಳಿಯದು ಅನ್ನೋದೇ ಗೊತ್ತಾಗಲ್ಲ, ಬಣ್ಣವೂ ತಿಳಿಯಲ್ಲ.

ಮೊದಲು ಗುಂಪು ನೋಡಿದ್ದು

ನಾನು ಹೋಗಿ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ಕೆಂಪಿಯನ್ನು ಮುಟ್ಟುವ ಮೊದಲು ಉಳಿದ ಕೋಳಿಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿದೆ. ಎಲ್ಲವೂ ಕೆದರುತ್ತಿವೆ, ಕಾಳಿಗೆ ಜಗಳ ಆಡುತ್ತಿವೆ. ಹುಂಜ ಕೂಗುತ್ತಿದೆ. ಯಾವುದಕ್ಕೂ ಮೂಗು ಸೋರುತ್ತಿಲ್ಲ, ಉಸಿರಿಗೆ ಬಾಯಿ ಕಳೆಯುತ್ತಿಲ್ಲ.

ಹಳ್ಳಿಯಲ್ಲಿ "ರೋಗ" ಅಂದ್ರೆ ಮನಸ್ಸಿಗೆ ಬರುವುದು ಕೊಕ್ಕರೆ ರೋಗ, ಅಂದ್ರೆ ರಾಣಿಖೇತ್. ಆ ಭಯ ಸುಳ್ಳಲ್ಲ. ಲಸಿಕೆ ಇಲ್ಲದ ಗುಂಪಿಗೆ ಅದು ಬಂದರೆ ಕೆಲವೇ ದಿನದಲ್ಲಿ ಗೂಡು ಖಾಲಿ. ಆದರೆ ಅದು ಒಂದು ಕೋಳಿಯನ್ನು ಆರಿಸಿಕೊಂಡು ಬರುವ ಕಾಯಿಲೆ ಅಲ್ಲ. ಹಸಿರು ನೀರು ಹಿಕ್ಕೆ, ಗೊರಗೊರ ಉಸಿರು, ಕಾಲು ರೆಕ್ಕೆ ಸ್ವಾಧೀನ ತಪ್ಪೋದು, ಕುತ್ತಿಗೆ ತಿರುಚೋದು, ಒಂದರ ಹಿಂದೆ ಒಂದು ಮಲಗೋದು, ಇವು ಅದರ ಗುರುತು. ಅದು ವೈರಸ್ ಕಾಯಿಲೆ, ಹಾಗಾಗಿ ಹಳದಿ ಪುಡಿ ಅದನ್ನು ಮುಟ್ಟುವುದೂ ಇಲ್ಲ. ಅದಕ್ಕಿರುವುದು ಲಸಿಕೆ ಒಂದೇ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಎಫ್-1 ಅಥವಾ ಲಸೋಟ, ಆರರಿಂದ ಎಂಟು ವಾರಕ್ಕೆ ಆರ್‌ಟುಬಿ ಚುಚ್ಚುಮದ್ದು. ಚಿಕ್ಕಮ್ಮನ ಕೋಳಿಗಳಿಗೆ ಎರಡೂ ಆಗಿತ್ತು.

ಇಲ್ಲಿ ಒಂದು ಮಾತು ಸೇರಿಸಿಬಿಡುತ್ತೇನೆ. ಒಂದೇ ಸಲ ಹಲವು ಕೋಳಿ ಸತ್ತರೆ, ಜುಟ್ಟು ಕಪ್ಪುನೀಲಿ ಆಗಿ ಮುಖ ಊದಿದ್ದರೆ, ಮನೆಯಲ್ಲಿ ಪರೀಕ್ಷೆ ಮಾಡುವ ಕೆಲಸಕ್ಕೇ ಹೋಗಬಾರದು. ಕುಯ್ಯಬಾರದು, ಬರಿಗೈಯಲ್ಲಿ ಮುಟ್ಟಬಾರದು, ನೇರ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಹಕ್ಕಿಜ್ವರ ಎಲ್ಲೋ ದೂರದ ಸುದ್ದಿ ಅಲ್ಲ. 2012ರಲ್ಲಿ ಬೆಂಗಳೂರಿನ ಪಕ್ಕ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರದಲ್ಲೇ ಬಂದಿತ್ತು.

ಇಲ್ಲಿ ಅಂಥದ್ದೇನೂ ಇರಲಿಲ್ಲ. ಆರರಲ್ಲಿ ಐದು ಗಟ್ಟಿಮುಟ್ಟು, ಒಂದು ಮಾತ್ರ ಮಂಕು. ಹಾಗಿದ್ದ ಮೇಲೆ ತೊಂದರೆ ಹೊರಗಿಂದ ಬಂದದ್ದಲ್ಲ, ಆ ಒಂದು ಕೋಳಿಯ ಮೈಯಲ್ಲೇ ಎಲ್ಲೋ ಇದೆ ಅಂತ ಹುಡುಕಲು ಶುರು ಮಾಡಿದೆ.

ಕೈಗೆ ಸಿಕ್ಕಿದ್ದು

ಬುಟ್ಟಿ ಎತ್ತಿದಾಗ ಕೆಂಪಿ ಓಡಲಿಲ್ಲ. ಎರಡು ಹೆಜ್ಜೆ ಇಟ್ಟು ನಿಂತಿತು. ಕಾಲು ಅಗಲಿಸಿ, ಎದೆ ಮೇಲೆತ್ತಿ, ಬಾಲದ ಕಡೆ ನೆಲಕ್ಕೆ ತಾಗುವ ಹಾಗೆ ನಿಂತಿತ್ತು. ಇದಕ್ಕೆ ಕೋಳಿ ಡಾಕ್ಟರುಗಳು ಪೆಂಗ್ವಿನ್ ನಿಲುವು ಅಂತಾರೆ. ನಿಂತಲ್ಲೇ ಆಗಾಗ ಬಾಲ ಮೇಲೆ ಕೆಳಗೆ ಆಡಿಸುತ್ತಿತ್ತು. ಪ್ರತಿ ಸಲ ಬಾಲ ಆಡಿದಾಗಲೂ ಬುಡದ ಪುಕ್ಕ ಬಿರಿದು ಹಿಂಬದಿ ದ್ವಾರ ಸ್ವಲ್ಪ ಉಬ್ಬಿ ಮತ್ತೆ ಒಳಗೆ ಹೋಗುತ್ತಿತ್ತು. ಕಾಯಿಲೆಯ ಕೋಳಿ ಸುಮ್ಮನೆ ತೂಕಡಿಸುತ್ತದೆ. ಇದು ತೂಕಡಿಸುತ್ತಿರಲಿಲ್ಲ, ತಿಣುಕುತ್ತಿತ್ತು.

ಪೇಪರ್ ಮೇಲೆ ಇದ್ದದ್ದು ಸ್ವಲ್ಪ ಬಿಳಿ ನೀರು. ಗಟ್ಟಿ ಹಿಕ್ಕೆ ಒಂದು ಚೂರೂ ಇಲ್ಲ. ಹಸಿರಿಲ್ಲ, ರಕ್ತ ಇಲ್ಲ.

ಎತ್ತಿಕೊಂಡಾಗ ಚಿಕ್ಕಮ್ಮ ಅದರ ಎದೆ ಮುಟ್ಟಿ, "ಮೈ ಕಾದೈತೆ ನೋಡು, ಜ್ವರ" ಅಂದರು. ಕೋಳಿ ಮೈ ಯಾವಾಗಲೂ ನಮ್ಮ ಕೈಗೆ ಬಿಸಿಯಾಗೇ ಇರುತ್ತದೆ. ಅದರ ಸಹಜ ಶಾಖವೇ 41 ಡಿಗ್ರಿ ಸೆಲ್ಸಿಯಸ್ ಹತ್ತಿರ, ನಮಗಿಂತ ನಾಲ್ಕು ಡಿಗ್ರಿ ಜಾಸ್ತಿ. ಕೈ ಇಟ್ಟು ಕೋಳಿಗೆ ಜ್ವರ ಇದೆ ಅಂತ ಹೇಳಲು ಆಗಲ್ಲ.

ಕೋಳಿಯನ್ನು ಹಿಡಿಯುವುದಕ್ಕೂ ಒಂದು ರೀತಿ ಇದೆ. ತಲೆ ನಮ್ಮ ಬೆನ್ನಿನ ಕಡೆಗೆ ಬರುವ ಹಾಗೆ ಎಡ ಕಂಕುಳಲ್ಲಿ ಇಟ್ಟುಕೊಂಡರೆ ರೆಕ್ಕೆ ಬಡಿಯಲ್ಲ, ಬಾಲದ ಕಡೆ ಕಣ್ಣೆದುರಿಗೇ ಇರುತ್ತದೆ, ಬಲಗೈ ಖಾಲಿ ಇರುತ್ತದೆ. ಎದೆಯನ್ನು ಮಾತ್ರ ಒತ್ತಿ ಹಿಡಿಯಬಾರದು. ಕೋಳಿಗೆ ನಮ್ಮ ಥರ ವಪೆ, ಅಂದ್ರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸುವ ಸ್ನಾಯುವಿನ ಪರದೆ, ಇಲ್ಲ. ಎದೆಮೂಳೆ ಮೇಲೆ ಕೆಳಗೆ ಆಡಿದರೇನೇ ಅದಕ್ಕೆ ಉಸಿರು.

ತಲೆಯಿಂದ ಶುರು ಮಾಡಿದೆ. ಜುಟ್ಟು ಕೆಂಪಗೇ ಇತ್ತು, ಸ್ವಲ್ಪ ಮಂಕಾಗಿತ್ತು ಅಷ್ಟೇ. ಕಣ್ಣಲ್ಲಿ ನೊರೆ ಇಲ್ಲ. ಬಾಯಿ ಬಿಡಿಸಿ ನೋಡಿದರೆ ಒಳಗೆ ಬಿಳಿ ಪೊರೆ ಇಲ್ಲ, ಹುಳಿ ವಾಸನೆ ಇಲ್ಲ. ಕುತ್ತಿಗೆ ಬುಡದ ಕಾಳಿನ ಚೀಲ ಖಾಲಿ, ಮೆತ್ತಗೆ. ಇದು ಮುಖ್ಯ. ಹುಲ್ಲು, ಗೋಣಿದಾರ, ತೆಂಗಿನ ನಾರು ತಿಂದು ಚೀಲ ಕಟ್ಟಿಕೊಂಡ ಕೋಳಿಯೂ ಹೀಗೇ ಮೇವು ಬಿಟ್ಟು ನಿಲ್ಲುತ್ತದೆ. ಆದರೆ ಅಲ್ಲಿ ಚೀಲ ಗಟ್ಟಿ ಉಂಡೆಯಾಗಿ ಕೈಗೆ ಸಿಗುತ್ತದೆ, ಇಲ್ಲ ನೀರು ತುಂಬಿ ಕುಲುಕಾಡುತ್ತದೆ. ರೆಕ್ಕೆಯ ಅಡಿ, ದ್ವಾರದ ಸುತ್ತ ಪುಕ್ಕ ಬಿಡಿಸಿ ನೋಡಿದೆ. ಒಂದೆರಡು ಹೇನು ಇದ್ದವು. ಅದು ಎಲ್ಲ ಕೋಳಿಗೂ ಇರೋದೇ, ಇಷ್ಟಕ್ಕೆ ಯಾವ ಹೇಂಟೆಯೂ ಮಲಗಲ್ಲ.

ಎದೆಮೂಳೆಯ ಎರಡೂ ಪಕ್ಕ ಕೈ ಆಡಿಸಿದೆ. ಬಹಳ ದಿನದಿಂದ ಒಳಗೆ ಕಾಯಿಲೆ ಇದ್ದರೆ ಅಲ್ಲಿನ ಮಾಂಸ ಕರಗಿ ಮೂಳೆ ಚೂಪಾಗಿ ಸಿಗುತ್ತದೆ. ಕೆಂಪಿಗೆ ಉಲ್ಟಾ. ಮೂಳೆ ಹುಡುಕಬೇಕು, ಅಷ್ಟು ಮಾಂಸ, ಅಷ್ಟು ಕೊಬ್ಬು.

ಕೊನೆಗೆ ಹೊಟ್ಟೆ. ಬಾಲದ ಬುಡದ ಕೆಳಗೆ, ದ್ವಾರದ ಎರಡು ಕಡೆ ಎರಡು ತೆಳು ಮೂಳೆ ಸಿಗುತ್ತವೆ. ಮೊಟ್ಟೆ ಇಡುತ್ತಿರುವ ಹೇಂಟೆಗೆ ಈ ಎರಡರ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗ ಇರುತ್ತದೆ. ಕೆಂಪಿಗೂ ಇತ್ತು. ಅದರ ಕೆಳಗೆ, ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಬೆರಳು ಜೋಡಿಸಿದಾಗ ಒಳಗೆ ಒಂದು ಗಟ್ಟಿ ಗುಂಡು ತಾಗಿತು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತುಂಬಿದ ಬಲೂನ್ ಒತ್ತಿದ ಹಾಗೆ ಎಲ್ಲ ಕಡೆ ಒಂದೇ ಸಮ ಮೆತ್ತಗಿರುತ್ತದೆ. ಇದು ಹಾಗಲ್ಲ. ಅಂಚು ಇರುವ, ನುಣುಪಾದ, ಒಂದೇ ಕಡೆ ನಿಂತ ವಸ್ತು.

ಖಚಿತ ಮಾಡಿಕೊಳ್ಳಲು ಉಳಿದದ್ದು ಒಂದೇ ಕೆಲಸ. ಉಗುರು ಕತ್ತರಿಸಿ, ಕೈಗೆ ತೆಳು ಗ್ಲೌಸ್ ಹಾಕಿ, ತೋರುಬೆರಳಿಗೆ ಕೊಬ್ಬರಿ ಎಣ್ಣೆ ಸವರಿ ದ್ವಾರದ ಒಳಗೆ ನಿಧಾನ ತಳ್ಳಿದೆ. ಹೇಂಟೆಗೆ ಕೆಲಸ ಮಾಡುವ ಅಂಡಾಶಯ ಎಡಗಡೆಯದು ಒಂದೇ. ಮೊಟ್ಟೆಯ ದಾರಿಯೂ ಎಡಗಡೆಯಿಂದಲೇ ಬಂದು ಸೇರುತ್ತದೆ. ಬೆರಳಿನ ಎರಡನೇ ಗಿಣ್ಣು ಹೋಗುವಷ್ಟರಲ್ಲಿ ತುದಿಗೆ ಮೊಟ್ಟೆ ಸಿಕ್ಕಿತು. ತೆಳು ಚರ್ಮದ ಹಿಂದೆ, ಗಟ್ಟಿಯಾಗಿ. ಹಾಗಾದರೆ ಮೊಟ್ಟೆ ಸಿಕ್ಕಿಕೊಂಡಿದೆ. ಹಿಕ್ಕೆ ಬಾರದ್ದಕ್ಕೂ ಇದೇ ಕಾರಣ. ಹಿಕ್ಕೆ, ಮೂತ್ರ, ಮೊಟ್ಟೆ ಮೂರಕ್ಕೂ ಕೊನೆಯ ಬಾಗಿಲು ಒಂದೇ. ಮೊಟ್ಟೆ ಒತ್ತಿ ನಿಂತರೆ ಉಳಿದ ಎರಡಕ್ಕೂ ಅಡ್ಡಿಯಾಗುತ್ತದೆ.

ಚಿಕ್ಕಮ್ಮನಿಗೆ ಇನ್ನೊಂದು ಅನುಮಾನವೂ ಇತ್ತು, ಕಾವಿಗೆ ಕೂತಿದೆಯೇನೋ ಅಂತ. ಕಾವಿನ ಕೋಳಿಯೂ ಮೈ ಉಬ್ಬಿಸುತ್ತದೆ, ಮೇವು ಕಡಿಮೆ ಮಾಡುತ್ತದೆ. ಆದರೆ ಹತ್ತಿರ ಹೋದರೆ ಗುರ್ ಅಂತ ಕುಕ್ಕಲು ಬರುತ್ತದೆ. ದಿನಕ್ಕೊಂದೆರಡು ಸಲ ಎದ್ದು ಬಂದು ದೊಡ್ಡ ಗಬ್ಬು ಹಿಕ್ಕೆ ಹಾಕಿ ಹೋಗುತ್ತದೆ. ಕೆಂಪಿ ಎರಡೂ ಮಾಡಿರಲಿಲ್ಲ.

ಯಾಕೆ ಸಿಕ್ಕಿಕೊಂಡಿತು

ಚಿಕಿತ್ಸೆ ಶುರು ಮಾಡುತ್ತಲೇ ಚಿಕ್ಕಮ್ಮನನ್ನು ವಿಚಾರಿಸಿದೆ. ಕೆಂಪಿ ಕೊನೆಗೆ ಮೊಟ್ಟೆ ಇಟ್ಟದ್ದು ಯಾವಾಗ? ಮೊನ್ನೆ. ನಿನ್ನೆ ಇಲ್ಲ. ಗೂಡಲ್ಲಿ ಹೋಗಿ ಕೂತು ಎದ್ದು ಬಂದಿತ್ತಂತೆ. ಅದಕ್ಕೂ ಮುಂಚೆ? ಒಂದು ದಿನ ಸಿಪ್ಪೆ ಇಲ್ಲದ ಮೊಟ್ಟೆ ಬಿದ್ದಿತ್ತು, ಬರೀ ಪೊರೆ, ಬೇರೆ ಕೋಳಿಗಳು ತಿಂದುಬಿಟ್ಟವು. "ಅದ್ಯಾವ್ದೋ ಕಣ್ಣು ಬಿದ್ದಿತ್ತು ಅನ್ಕೊಂಡೆ" ಅಂದರು. ನನಗೆ ಇಡೀ ಪ್ರಕರಣದ ಸುಳಿವು ಅಲ್ಲೇ ಸಿಕ್ಕಿತು.

ಮೇವು ಏನು? ಬೆಳಗ್ಗೆ ತಂಗಳನ್ನ, ಸಂಜೆ ನುಚ್ಚಕ್ಕಿ, ಮಧ್ಯೆ ಮುಸುಕಿನ ಜೋಳ. ಮೊದಲು ಇವು ತೆಂಗಿನ ತೋಟದಲ್ಲಿ ಇಡೀ ದಿನ ಅಲೆಯುತ್ತಿದ್ದವು. ಗೆದ್ದಲು, ಬಸವನಹುಳ, ಮರಳು, ಹಳೇ ಗೋಡೆಯ ಉದುರಿದ ಸುಣ್ಣ, ಸಿಕ್ಕಿದ್ದೆಲ್ಲ ಹೆಕ್ಕುತ್ತಿದ್ದವು. ನಾಯಿಗಳ ಕಾಟ ಜಾಸ್ತಿಯಾಗಿ ಒಂದು ತಿಂಗಳಿಂದ ಜಾಲರಿಯೊಳಗೇ ಕೂಡಿಹಾಕಿದ್ದರು. ಮೇವು ಕಡಿಮೆ ಮಾಡಿರಲಿಲ್ಲ, ಓಡಾಟ ನಿಂತಿತ್ತು. ಹೊಟ್ಟೆಯ ಕೊಬ್ಬು ಬಂದದ್ದು ಹೀಗೆ. ಸುಣ್ಣದ ಅಂಶ ನಿಂತದ್ದೂ ಹೀಗೇ.

ಒಂದು ಮೊಟ್ಟೆಯ ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತಲ್ಲ, ಹಾಗಾಗಿ ದಿನ ಬಿಟ್ಟು ದಿನ ಮೊಟ್ಟೆ ಇಡುವ ಹೇಂಟೆಗೂ ಮೊಟ್ಟೆ ಕಟ್ಟುವ ದಿನ 3.5ರಿಂದ 4 ಗ್ರಾಂ ಕ್ಯಾಲ್ಸಿಯಂ ಹೊಟ್ಟೆಗೆ ಬೀಳಬೇಕು. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲ ಅಂತಲೇ ಹೇಳಬಹುದು. 100 ಗ್ರಾಂ ಅಕ್ಕಿಗೆ ಹತ್ತು ಮಿಲಿಗ್ರಾಂ ಆಸುಪಾಸು. ಜೋಳದ್ದೂ ಅದೇ ಕತೆ. "ಇನ್ಮೇಲೆ ರಾಗಿ ಹಾಕ್ತೀನಿ ಬಿಡು, ರಾಗೀಲಿ ಸುಣ್ಣ ಐತಲ್ಲ" ಅಂದರು ಚಿಕ್ಕಮ್ಮ. ಮನುಷ್ಯರಿಗೆ ಆ ಮಾತು ಸರಿ. ಧಾನ್ಯಗಳಲ್ಲಿ ರಾಗಿಯನ್ನು ಮೀರಿಸಿದ್ದಿಲ್ಲ, 100 ಗ್ರಾಂಗೆ 350 ಮಿಲಿಗ್ರಾಂ ಹತ್ತಿರ ಇದೆ. ಆದರೆ ಕೋಳಿ ದಿನಕ್ಕೆ ತಿನ್ನೋದು 100–120 ಗ್ರಾಂ. ಬರೀ ರಾಗಿ ತಿಂದರೂ ಅದಕ್ಕೆ ಬೇಕಾದದ್ದರಲ್ಲಿ ಹೆಚ್ಚೂಕಡಿಮೆ ಹತ್ತರಲ್ಲಿ ಒಂದು ಪಾಲು ಸಿಗಬಹುದು ಅಷ್ಟೇ.

ಕ್ಯಾಲ್ಸಿಯಂ ಬೇಕಾಗಿರುವುದು ಸಿಪ್ಪೆಗೆ ಮಾತ್ರ ಅಲ್ಲ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಮೊಟ್ಟೆ ತಳ್ಳುವುದು ಗರ್ಭಚೀಲದ ಸ್ನಾಯು. ಸ್ನಾಯು ಬಿಗಿಯಾಗಬೇಕಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಇರಬೇಕು. ಹೇಂಟೆ ಮೇವಿನಲ್ಲಿ ಸಿಗದ್ದನ್ನು ತನ್ನ ಮೂಳೆಯಿಂದ ತೆಗೆದು ಸಿಪ್ಪೆ ಕಟ್ಟುತ್ತದೆ. ಮೂಳೆಯ ದಾಸ್ತಾನೂ ಇಳಿದಾಗ ಮೊದಲು ಸಿಪ್ಪೆ ತೆಳ್ಳಗಾಗುತ್ತದೆ, ಆಮೇಲೆ ಸಿಪ್ಪೆಯೇ ಇರಲ್ಲ, ಆಮೇಲೆ ಇದ್ದ ಮೊಟ್ಟೆಯನ್ನು ತಳ್ಳಲು ಶಕ್ತಿ ಇರಲ್ಲ. ಚಿಕ್ಕಮ್ಮನ ಮನೆಯಲ್ಲಿ ಆದದ್ದು ಇದೇ ಕ್ರಮದಲ್ಲಿ.

ನಾಟಿ ಹೇಂಟೆಗಳಲ್ಲಿ ನಾನು ಇದನ್ನು ಕಂಡದ್ದು ಬಹಳ ಕಡಿಮೆ. ಅವು ಹಗುರ, ಮೊಟ್ಟೆ ಚಿಕ್ಕದು, ಇಡೋದೂ ಕಡಿಮೆ. ಗಿರಿರಾಜ ಹಾಗಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಮಾಂಸಕ್ಕೂ ಮೊಟ್ಟೆಗೂ ಆಗಲಿ ಅಂತ ಮಾಡಿದ ತಳಿ. ಹಿತ್ತಲಲ್ಲಿ ತಿರುಗಾಡಿಕೊಂಡು ಬದುಕಲಿ ಅನ್ನೋದೇ ಅದರ ಉದ್ದೇಶ. ಮೈ ದೊಡ್ಡದು, ಮೊಟ್ಟೆ ದೊಡ್ಡದು, ತಿನ್ನುವ ಆಸೆಯೂ ದೊಡ್ಡದು. ಕೂಡಿಹಾಕಿ ಅನ್ನ ಹಾಕಿದರೆ ಉಬ್ಬಿಕೊಳ್ಳುತ್ತದೆ.

ಮಾಡಿದ್ದು, ಮಾಡದೇ ಬಿಟ್ಟದ್ದು

ತಾಲ್ಲೂಕಿನ ಪಶು ವೈದ್ಯರೊಬ್ಬರಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. ಮೊಟ್ಟೆ ಸಿಕ್ಕಿಕೊಂಡು ಒಂದು ದಿನ ದಾಟಿದರೆ ಅಪಾಯ, ಎರಡು ದಿನಕ್ಕೆ ಕೋಳಿ ಉಳಿಯೋದು ಕಷ್ಟ ಅಂದರು. ಈ ರಾತ್ರಿ ಮನೆಯಲ್ಲಿ ಪ್ರಯತ್ನ, ಬೆಳಗ್ಗೆಗೆ ಬರದಿದ್ದರೆ ಆಸ್ಪತ್ರೆ ಅಂತ ಗಡಿ ಹಾಕಿಕೊಂಡೆವು. ಅಲ್ಲಾದರೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುತ್ತಾರೆ, ಬೇಕಾದರೆ ಸೂಜಿಯಿಂದ ಮೊಟ್ಟೆಯೊಳಗಿನದನ್ನು ಎಳೆದು ಕುಗ್ಗಿಸುತ್ತಾರೆ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲದವರು 1962ಕ್ಕೆ ಫೋನ್ ಮಾಡಬಹುದು, ಅದು ಪಶು ಚಿಕಿತ್ಸೆಯ ಸಹಾಯವಾಣಿ.

ಮೊದಲ ಕೆಲಸ ಬಿಸಿನೀರು. ಅಗಲದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೋಳಿಯ ಹೊಟ್ಟೆ ಮುಳುಗುವಷ್ಟು ನೀರು. ಬಿಸಿ ಎಷ್ಟು ಅಂದ್ರೆ ಮೊಣಕೈ ಇಟ್ಟರೆ ಹಿತ ಅನ್ನಿಸುವಷ್ಟು, 38–40 ಡಿಗ್ರಿ. ಕೆಂಪಿ ಮೊದಲು ಕಾಲು ಝಾಡಿಸಿತು, ಚಿಕ್ಕಮ್ಮನ ಸೀರೆಯೆಲ್ಲ ಒದ್ದೆ. ಆಮೇಲೆ ಬಿಸಿ ಹತ್ತುತ್ತಿದ್ದ ಹಾಗೆ ಮೈ ಸಡಿಲಬಿಟ್ಟು ಕೂತಿತು, ಕಣ್ಣು ಅರ್ಧ ಮುಚ್ಚಿತು. ಬಹಳ ಕೋಳಿಗಳು ಹೀಗೇ ಮಾಡುತ್ತವೆ. ಆದರೆ ಕೈ ತೆಗೆಯಬಾರದು, ತಲೆ ನೀರಿಗೆ ಬೀಳಬಹುದು. ನೀರು ಆರಿದಂತೆ ಬಿಸಿ ಸೇರಿಸುತ್ತಾ 20 ನಿಮಿಷ ಇಟ್ಟೆವು. ಬಿಸಿಗೆ ಸ್ನಾಯು ಸಡಿಲವಾಗುತ್ತದೆ, ಒಣಗಿದ ದಾರಿ ಒದ್ದೆಯಾಗುತ್ತದೆ. ಬೇರೆ ಮಂತ್ರ ಏನಿಲ್ಲ.

ಆಮೇಲೆ ಟವಲಿನಲ್ಲಿ ಒತ್ತಿ ಒರೆಸಿ, ಪುಕ್ಕ ಪೂರ್ತಿ ಒಣಗಿಸಿದೆವು. ಹೇರ್ ಡ್ರೈಯರ್ ಇದ್ದ ಮನೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಒದ್ದೆ ಕೋಳಿಯನ್ನು ರಾತ್ರಿ ಚಳಿಗೆ ಬಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ದ್ವಾರದ ಸುತ್ತ, ಸ್ವಲ್ಪ ಒಳಗೆ ಕೊಬ್ಬರಿ ಎಣ್ಣೆ ಹಚ್ಚಿದೆ.

ಎರಡನೆಯದು ಕ್ಯಾಲ್ಸಿಯಂ. ಮೆಡಿಕಲ್ ಶಾಪಿನ ಮನುಷ್ಯರ ಸಿರಪ್, 5 ಮಿಲಿಗೆ 250 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು, ವಿಟಮಿನ್ ಡಿ3 ಕೂಡ ಸೇರಿದ್ದು. ಡಾಕ್ಟರ್ ಹೇಳಿದ ಪ್ರಕಾರ ಈ ತೂಕದ ಕೋಳಿಗೆ ಒಂದು ಸಲಕ್ಕೆ 2 ಮಿಲಿ. ಸೂಜಿ ತೆಗೆದ ಸಿರಿಂಜಿನಿಂದ ಕೊಕ್ಕಿನ ಪಕ್ಕಕ್ಕೆ ಹನಿ ಹನಿ ಬಿಟ್ಟೆ. ಅದು ತಾನೇ ನಾಲಿಗೆ ಆಡಿಸಿ ನುಂಗಬೇಕು. ಕೋಳಿಯ ಬಾಯಿ ಅಗಲಿಸಿ ನೋಡಿ, ನಾಲಿಗೆಯ ಬುಡದಲ್ಲೇ ಒಂದು ಸಣ್ಣ ತೂತು ತೆರೆದು ಮುಚ್ಚುತ್ತಿರುತ್ತದೆ. ಅದು ಶ್ವಾಸನಾಳದ ಬಾಯಿ. ತಲೆ ಹಿಂದಕ್ಕೆ ಬಗ್ಗಿಸಿ ಔಷಧಿ ಸುರಿದರೆ ನೇರ ಅಲ್ಲಿಗೇ ಹೋಗುತ್ತದೆ.

ಇದನ್ನು ಒತ್ತಿ ಹೇಳೋದಕ್ಕೆ ಕಾರಣ ಇದೆ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಹರಳೆಣ್ಣೆ ಬಟ್ಟಲು ಹಿಡಿದು ಬಂದಿದ್ದರು. "ಒಂದು ಚಮಚ ಕುಡಿಸು ಮಗ, ಜಾರಿ ಬೀಳ್ತದೆ." ಬಾಯಿಂದ ಹೋದ ಎಣ್ಣೆ ಕರುಳಿಗೆ ಹೋಗುತ್ತದೆ. ಮೊಟ್ಟೆ ಇರೋದು ಬೇರೆ ಕೊಳವೆಯಲ್ಲಿ. ಎರಡೂ ಸೇರೋದು ಕೊನೆಯ ಬಾಗಿಲಲ್ಲಿ ಮಾತ್ರ. ಕುಡಿಸಿದ ಎಣ್ಣೆ ಮೊಟ್ಟೆಯನ್ನು ಮುಟ್ಟುವುದೇ ಇಲ್ಲ. ಶ್ವಾಸಕ್ಕೆ ಹೋದರೆ ಮಾತ್ರ ಕೋಳಿ ಸಾಯುತ್ತದೆ. ಅಜ್ಜಿಗೆ ಬೇಜಾರಾಗದಿರಲಿ ಅಂತ, "ಹೊರಗೆ ಹಚ್ಚೋಕೆ ಇರಲಿ ಕೊಡಿ ಅಜ್ಜಿ" ಅಂತ ಬಟ್ಟಲು ಇಸ್ಕೊಂಡೆ.

ಇನ್ನೊಂದು ಸಲಹೆ ಬಂದದ್ದು ಹಸು ಕಟ್ಟಿದ ಮನೆಯವರಿಂದ. ಹಾಲು ಇಳಿಸಲು ಕದ್ದು ಕೊಡುವ ಆಕ್ಸಿಟೋಸಿನ್ ಚುಚ್ಚಿ ಅಂತ. ಆ ಔಷಧಿ ಗರ್ಭಚೀಲವನ್ನು ಬಲವಾಗಿ ಹಿಂಡುತ್ತದೆ, ಅದು ನಿಜ. ಬಾಗಿಲು ತೆರೆಯದೇ ಹಿಂದಿನಿಂದ ಹಿಂಡಿದರೆ ಚೀಲ ಹರಿಯುತ್ತದೆ. ಅದು ಡಾಕ್ಟರ್ ನೋಡಿ ತೀರ್ಮಾನಿಸುವ ಔಷಧಿ, ಹಿತ್ತಲಲ್ಲಿ ಚುಚ್ಚುವಂಥದ್ದಲ್ಲ.

ಹೊಟ್ಟೆ ಹಿಸುಕಿ ಮೊಟ್ಟೆ ತಳ್ಳುವ ಕೆಲಸವನ್ನೂ ಮಾಡಲಿಲ್ಲ. ಕೈಗೆ ಸಿಕ್ಕಿದೆಯಲ್ಲ, ಸ್ವಲ್ಪ ಒತ್ತಿದರೆ ಬಂತು ಅನ್ನಿಸುತ್ತದೆ. ಒಳಗೆ ಒಡೆದರೆ ಸಿಪ್ಪೆ ಚೂರು ಗರ್ಭಚೀಲವನ್ನು ಕುಯ್ಯುತ್ತದೆ, ಲೋಳೆ ಅಲ್ಲೇ ಕೊಳೆಯುತ್ತದೆ. ಒಳಗೆ ಕೀವು ಕಟ್ಟಿ ವಾರದಲ್ಲಿ ಸಾಯುತ್ತದೆ. ಕೆಂಪಿಯ ಸಿಪ್ಪೆ ತೆಳ್ಳಗಿರುತ್ತದೆ ಅಂತ ಹಿಂದಿನ ಮೊಟ್ಟೆಗಳಿಂದಲೇ ಗೊತ್ತಿತ್ತು. ಹಾಗಾಗಿ ಇನ್ನೂ ಹುಷಾರಾಗಿರಬೇಕಿತ್ತು.

ಮೂರನೆಯದು ಕತ್ತಲು ಮತ್ತು ಬೆಚ್ಚಗೆ. ರಟ್ಟಿನ ಡಬ್ಬಿಗೆ ಹುಲ್ಲು ಹಾಸಿ ಒಳಗಿನ ಕೋಣೆಯಲ್ಲಿ ಇಟ್ಟೆವು. ಬಲ್ಬ್ ಹಾಕೋಣ ಅಂದ್ರೆ ಮನೆಯಲ್ಲಿ ಇದ್ದದ್ದೆಲ್ಲ ಎಲ್‌ಇಡಿ. ಅದರಿಂದ ಬೆಳಕು ಬರುತ್ತದೆ, ಶಾಖ ಬರಲ್ಲ. ಎರಡು ನೀರಿನ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಎರಡು ಪಕ್ಕ ಇಟ್ಟದ್ದು ಸಾಕಾಯಿತು. ಬೆಲ್ಲದ ನೀರು ಮುಂದಿಟ್ಟರೆ ಸ್ವಲ್ಪ ಕುಡಿಯಿತು.

ಮಲಗುವ ಮುಂಚೆ ಇನ್ನೊಂದು ಸಲ ಟಬ್, ಇನ್ನೊಂದು ಸಲ ಸಿರಪ್. ಈ ಸಲ ಬೆರಳಿಟ್ಟು ನೋಡಿದಾಗ ಮೊಟ್ಟೆ ಬಾಗಿಲಿಗೆ ಹತ್ತಿರ ಬಂದಿತ್ತು. ಒಂದು ಗಿಣ್ಣಿಗೇ ಸಿಕ್ಕಿತು. ಇಷ್ಟೇ ಸಾಕು ಅಂತ ಬಿಟ್ಟೆ. ಪದೇ ಪದೇ ಎತ್ತಿ ನೋಡಿದರೆ ಹೆದರಿಕೆಗೆ ಅದು ಬಿಗಿ ಹಿಡಿಯುತ್ತದೆ.

ಬೆಳಗಿನ ಜಾವ

ಬೆಳಗಿನ ಜಾವ ಡಬ್ಬಿಯಲ್ಲಿ ಮೊಟ್ಟೆ ಇತ್ತು. ಕೆಂಪಿ ಅದರ ಪಕ್ಕದಲ್ಲೇ ಒಂದು ದೊಡ್ಡ ಹಿಕ್ಕೆ ಗುಡ್ಡೆ ಹಾಕಿ ಎದ್ದು ನಿಂತಿತ್ತು. ಚಿಕ್ಕಮ್ಮನಿಗೆ ಮೊಟ್ಟೆ ಕಂಡು ಖುಷಿ, ನನಗೆ ಹಿಕ್ಕೆ ಕಂಡು.

ಮೊಟ್ಟೆ ಉದ್ದಕ್ಕಿತ್ತು, ಒಂದು ಕಡೆ ರಕ್ತದ ಗೀರು. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 78 ಗ್ರಾಂ. ಗಿರಿರಾಜ ಮೊಟ್ಟೆ ಸಾಮಾನ್ಯವಾಗಿ 55 ಗ್ರಾಂ ಆಸುಪಾಸು ಇರುತ್ತದೆ. ಒಡೆದಾಗ ಎರಡು ಹಳದಿ. ಸಿಪ್ಪೆ ಹೆಬ್ಬೆರಳಿಗೆ ತಾಗಿದ್ದೇ ಕುಸಿಯುವಷ್ಟು ತೆಳು, ಕೈಗೆ ಮರಳು ಮರಳಾಗಿ ಸಿಗುತ್ತಿತ್ತು. ಅಲ್ಲಿಗೆ ಕಾರಣ ಒಂದಲ್ಲ, ಮೂರು ಒಟ್ಟಿಗೆ ಸೇರಿದ್ದವು: ತಳ್ಳಲು ಶಕ್ತಿ ಕಡಿಮೆ, ದಾರಿಯ ಸುತ್ತ ಕೊಬ್ಬು, ಆ ದಿನ ಬಂದದ್ದು ಜೋಡಿ ಹಳದಿಯ ದೊಡ್ಡ ಮೊಟ್ಟೆ. ಕ್ಯಾಲ್ಸಿಯಂ ಸರಿ ಇದ್ದಿದ್ದರೆ ಬಹುಶಃ ಈ ಗಾತ್ರದ್ದನ್ನೂ ತಿಣುಕಿ ಇಟ್ಟುಬಿಡುತ್ತಿತ್ತು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ದ್ವಾರದಲ್ಲಿ ಕೆಂಪು ಪೊರೆ ಸ್ವಲ್ಪ ಹೊರಗೆ ಇಣುಕುತ್ತಿತ್ತು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ಎಣ್ಣೆ ಬೆರಳಿನಿಂದ ಒಳಗೆ ಸರಿಸಿದೆ, ನಿಂತಿತು. ಇಂಥ ಹೊತ್ತಲ್ಲಿ ಅದನ್ನು ಬೇರೆ ಕೋಳಿಗಳ ಜೊತೆ ಬಿಟ್ಟರೆ ಅವೇ ಕೊಲ್ಲುತ್ತವೆ. ಕೋಳಿಗೆ ಕೆಂಪು ಕಂಡರೆ ಕುಕ್ಕುವ ಚಟ. ಒಂದು ಸಲ ಕುಕ್ಕಿ ರಕ್ತ ಬಂದರೆ ಕರುಳು ಎಳೆಯುವವರೆಗೂ ಬಿಡಲ್ಲ. ಪೊರೆ ಪೂರ್ತಿ ಒಳಗೆ ನಿಲ್ಲುವ ತನಕ ಬೇರೆ ಬುಟ್ಟಿಯಲ್ಲೇ ಇಡಿ ಅಂದೆ.

ಜೊತೆಗೆ ಅದಕ್ಕೆ ಮೊಟ್ಟೆಯಿಂದ ಸ್ವಲ್ಪ ರಜೆ ಬೇಕಿತ್ತು. ಹೇಂಟೆಯ ಮೈಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಬರೀ ಸಿಪ್ಪೆ ಕಟ್ಟೋದಕ್ಕೆ. ಒಂದು ಇಟ್ಟು ಅರ್ಧ ಗಂಟೆಗೆಲ್ಲ ಮುಂದಿನ ಹಳದಿ ಹೊರಡುತ್ತದೆ. ಅದನ್ನು ತಡೆಯುವ ಸುಲಭ ಉಪಾಯ ಬೆಳಕು ಕಡಿಮೆ ಮಾಡೋದು. ಮೊಟ್ಟೆ ಕೋಳಿಗೆ ದಿನಕ್ಕೆ 14–16 ಗಂಟೆ ಬೆಳಕು ಬೇಕು. ಬೇಗ ಕತ್ತಲು ಮಾಡಿ ತಡವಾಗಿ ಬೆಳಕು ಬಿಟ್ಟರೆ ಮೊಟ್ಟೆ ನಿಧಾನಕ್ಕೆ ನಿಲ್ಲುತ್ತದೆ. ಸಂಜೆ ನಾಲ್ಕಕ್ಕೆ ಬುಟ್ಟಿಗೆ ಗೋಣಿ ಹೊದಿಸಿ, ಬೆಳಗ್ಗೆ ಎಂಟಕ್ಕೆ ತೆಗೆಯುವ ಏರ್ಪಾಡಾಯಿತು. ಆಂಟಿಬಯೋಟಿಕ್ ಕೊಡಲಿಲ್ಲ. ಮೇವು ತಿನ್ನುತ್ತಿದ್ದ, ಹಿಕ್ಕೆ ಸರಿ ಇದ್ದ ಕೋಳಿಗೆ ಸದ್ಯಕ್ಕೆ ಬೇಡ ಅಂತ ಡಾಕ್ಟರೂ ಹೇಳಿದರು. ಮತ್ತೆ ಮಂಕಾದರೆ, ಹೊಟ್ಟೆ ಊದಿದರೆ, ಹಳದಿ ಲೋಳೆ ಸೋರಿದರೆ ಕರೆತನ್ನಿ ಅಂದರು. ಅದ್ಯಾವುದೂ ಆಗಲಿಲ್ಲ.

ಮೇವಿನ ಜಗಳ

ದೊಡ್ಡ ಚರ್ಚೆ ಆದದ್ದು ಲೇಯರ್ ಫೀಡ್, ಅಂದ್ರೆ ಮೊಟ್ಟೆ ಕೋಳಿಗೆ ಅಂತಲೇ ಅಂಗಡಿಯಲ್ಲಿ ಸಿಗುವ ಮೇವು, ಅದರ ಬೆಲೆ ಮೇಲೆ. "ಮನೇಲಿ ಅನ್ನ ಮಿಗ್ತದೆ, ದುಡ್ಡು ಕೊಟ್ಟು ಹಿಟ್ಟು ತರ್ಬೇಕಾ?" ಅನ್ನೋದು ಚಿಕ್ಕಮ್ಮನ ವಾದ. ಕೂಡಿಹಾಕಿದ ಕೋಳಿಗೆ ತರಲೇಬೇಕು, ತೋಟದಲ್ಲಿ ಬಿಟ್ಟರೆ ಬೇಡ, ಎರಡರಲ್ಲಿ ಒಂದು ಆರಿಸಿಕೊಳ್ಳಿ ಅಂದೆ. ಕೊನೆಗೆ ಒಪ್ಪಂದ ಆಯಿತು. ಬೆಳಗ್ಗೆ ಲೇಯರ್ ಫೀಡ್, ಅದರಲ್ಲಿ 3.5–4 ಪರ್ಸೆಂಟ್ ಕ್ಯಾಲ್ಸಿಯಂ ಇರುತ್ತದೆ. ಜೋಳ ಬಂದ್. ಅನ್ನ ಒಂದು ಹಿಡಿ, ಅದೂ ಎಲ್ಲಕ್ಕೂ ಸೇರಿ. ಸಂಜೆ ಮನುಷ್ಯರು ತೋಟದಲ್ಲಿ ಇರುವ ಹೊತ್ತಿಗೆ ಕೋಳಿಗಳನ್ನು ಹೊರಗೆ ಬಿಡೋದು.

ಇನ್ನೊಂದು, ಚಿಪ್ಪಿನ ಚೂರು. ಕೋಳಿ ಮೇವಿನ ಅಂಗಡಿಯಲ್ಲಿ ಶೆಲ್ ಗ್ರಿಟ್ ಅಂತ ಕೇಳಿದರೆ ಕೊಡುತ್ತಾರೆ. ಅದು ಸಿಗದಿದ್ದರೆ ಮನೆಯ ಮೊಟ್ಟೆ ಸಿಪ್ಪೆಯನ್ನೇ ಬಾಣಲೆಯಲ್ಲಿ ಹುರಿದು ಕುಟ್ಟಿ ಹಾಕಬಹುದು. ನುಣ್ಣಗೆ ಪುಡಿ ಮಾಡಬಾರದು, ಕಾಳಿನಷ್ಟು ದಪ್ಪ ಇರಲಿ. ಸಿಪ್ಪೆ ಕಟ್ಟುವ ಕೆಲಸ ಜಾಸ್ತಿ ನಡೆಯೋದು ರಾತ್ರಿ, ಆಗ ಕೋಳಿ ಏನೂ ತಿನ್ನಲ್ಲ. ಸಂಜೆ ತಿಂದ ದಪ್ಪ ಚೂರು ಕಾಳು ಅರೆಯುವ ಗಟ್ಟಿ ಹೊಟ್ಟೆಯಲ್ಲಿ ಉಳಿದು ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಕರಗುತ್ತದೆ. ಪುಡಿ ಆದರೆ ಬೇಗ ಹೊರಗೆ ಹೋಗಿಬಿಡುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಹಾಕಲೇ ಅಂತ ಚಿಕ್ಕಮ್ಮ ಕೇಳಿದರು. ಬೇಡ ಅಂದೆ, ಅದು ಬಾಯಿ ಗಂಟಲು ಸುಡುತ್ತದೆ.

ಚಿಪ್ಪನ್ನು ಮೇವಿಗೆ ಕಲಸಲಿಲ್ಲ. ಬೇರೆ ಬಟ್ಟಲಲ್ಲಿ ಇಟ್ಟೆವು. ಹುಂಜಕ್ಕೂ ಬೆಳೆಯುವ ಮರಿಗೂ ಅಷ್ಟು ಕ್ಯಾಲ್ಸಿಯಂ ಹೋದರೆ ಮೂತ್ರಪಿಂಡ ಕೆಡುತ್ತದೆ. ಬೇರೆ ಇಟ್ಟರೆ ಬೇಕಾದ ಹೇಂಟೆ ಮಾತ್ರ ಹೋಗಿ ತಿನ್ನುತ್ತದೆ. ಮೊದಲ ಸಂಜೆಯೇ ಹೇಂಟೆಗಳು ಬಟ್ಟಲಿಗೆ ಮುಗಿಬಿದ್ದವು, ಹುಂಜ ಒಂದು ಚೂರು ಬಾಯಿಗೆ ಹಾಕಿಕೊಂಡು ಉಗುಳಿತು.

ಕೆಂಪಿ ಕೆಲವು ವಾರ ಮೊಟ್ಟೆ ಇಡಲಿಲ್ಲ. ಆಮೇಲೆ ಶುರು ಮಾಡಿದಾಗ ಮೊದಲಿನಷ್ಟು ಪದೇ ಪದೇ ಇಡುತ್ತಿಲ್ಲ, ಆದರೆ ಸಿಪ್ಪೆ ಗಟ್ಟಿ ಇದೆ. ಜೋಡಿ ಹಳದಿ ಮತ್ತೆ ಬರುವುದೇ ಇಲ್ಲ ಅಂತ ಹೇಳಲು ಆಗಲ್ಲ, ಒಮ್ಮೆ ಸಿಕ್ಕಿಕೊಂಡ ಹೇಂಟೆಗೆ ಇನ್ನೊಮ್ಮೆ ಆಗುವ ಸಾಧ್ಯತೆ ಇದ್ದೇ ಇದೆ. ಅದಕ್ಕೇ ಚಿಕ್ಕಮ್ಮ ಗೂಡಿನ ಬಾಗಿಲ ಹತ್ತಿರ ಕ್ಯಾಲೆಂಡರ್ ತೂಗುಹಾಕಿ, ಅದು ಇಟ್ಟ ದಿನಕ್ಕೆಲ್ಲ ಪೆನ್ಸಿಲಲ್ಲಿ ಗೀಟು ಹಾಕುತ್ತಾರೆ. ಗೂಡಲ್ಲಿ ಕೂತು ಬರಿಗೈಲಿ ಎದ್ದು ಬಂದ ದಿನ ನನಗೆ ಫೋನ್ ಬರುತ್ತದೆ. "ಇನ್ನೊಂದ್ಸಲ ಹಂಗಾದ್ರೆ ಸಾರು ಮಾಡೋದೇ" ಅಂತ ಹೆದರಿಸೋದನ್ನೂ ಬಿಟ್ಟಿಲ್ಲ. ಟಬ್ ಮಾತ್ರ ಬಚ್ಚಲಲ್ಲಿ ಬೇರೆ ಎತ್ತಿಟ್ಟಿದ್ದಾರೆ, ಬಟ್ಟೆ ನೆನೆಹಾಕಲು ಯಾರಿಗೂ ಕೊಡಲ್ಲ.